ಊಟದ ಹೊತ್ತಿನ ಸ್ಫೋಟ

ಬಲೂನಿನಲ್ಲಿ ನನ್ನ ಪೆಟ್ಟಿಗೆಗೆ ಜಾಗ ಸಿಗುತ್ತದೋ ಇಲ್ಲವೋ ಎಂದು ತೀರ್ಮಾನವಾಗಬೇಕಿದ್ದ ತಿಂಗಳಲ್ಲೇ ಅದಕ್ಕೆ ಹುಚ್ಚು ಹಿಡಿಯಿತು. ಬೆಳಗ್ಗೆಯೆಲ್ಲ ಸಾಧುವಾಗಿ ಕೂತಿರುತ್ತಿತ್ತು. ಊಟದ ಹೊತ್ತು ಬಂತೆಂದರೆ ಪರದೆಯ ಮೇಲಿನ ಗೆರೆ ದಿಗ್ಗನೆ ಎದ್ದು ಗುಡ್ಡವಾಗುತ್ತಿತ್ತು. ಸ್ವಲ್ಪ ಹೊತ್ತು ಹಾಗೇ ನಿಂತು, ಮತ್ತೆ ಇಳಿದು, ಏನೂ ಆಗೇ ಇಲ್ಲವೆಂಬಂತೆ ಮಲಗಿಬಿಡುತ್ತಿತ್ತು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. ಎತ್ತಿ ಹೊರಗೆ ಒಗೆಯಬೇಕೆಂದು ಎಷ್ಟೋ ಸಲ ಅನಿಸಿದೆ. ಅದರ ತೂಕ ನೆನೆದು ಸುಮ್ಮನಾಗಿದ್ದೇನೆ.

ಪೆಟ್ಟಿಗೆ ಎಂದರೆ ಗಾಮಾ ಕಿರಣಗಳನ್ನು ಎಣಿಸುವ ಯಂತ್ರ. ನನ್ನ ಪಿಎಚ್‌ಡಿ ಎಂದರೂ ಅದೇ. ಆಕಾಶದಲ್ಲಿ ಹೆಚ್ಚುಕಡಿಮೆ ದಿನಕ್ಕೊಂದರಂತೆ, ಊಹೆಗೆ ನಿಲುಕದಷ್ಟು ದೂರದಲ್ಲಿ, ಗಾಮಾ ಕಿರಣಗಳ ಸ್ಫೋಟವಾಗುತ್ತದೆ. ಇದನ್ನು ಮೊದಲು ಕಂಡವರು ಹುಡುಕುತ್ತಿದ್ದದ್ದೇ ಬೇರೆ. ಅರವತ್ತರ ದಶಕದಲ್ಲಿ, ಯಾರಾದರೂ ಕದ್ದುಮುಚ್ಚಿ ಅಣುಬಾಂಬು ಸಿಡಿಸುತ್ತಿದ್ದಾರೋ ನೋಡೋಣ ಎಂದು ಅಮೆರಿಕದವರು ಉಪಗ್ರಹ ಹಾರಿಸಿದ್ದರು. ನೆರೆಮನೆಯ ಗುಟ್ಟು ಹುಡುಕಲು ಹೋದವರಿಗೆ ಆಕಾಶದ ಗುಟ್ಟು ಸಿಕ್ಕಿತು.

ಆಮೇಲೆ ವಿಜ್ಞಾನಿಗಳು ಇವನ್ನು ಎರಡು ಜಾತಿ ಮಾಡಿದರು. ಎರಡು ಸೆಕೆಂಡಿಗಿಂತ ಗಿಡ್ಡದಾದರೆ ಎರಡು ಸತ್ತ ನಕ್ಷತ್ರಗಳು ಡಿಕ್ಕಿ ಹೊಡೆದದ್ದು, ಉದ್ದವಾದರೆ ದೈತ್ಯ ನಕ್ಷತ್ರವೊಂದು ಕುಸಿದದ್ದು. ಎಲ್ಲ ಸರಿಹೋಯಿತು ಎಂದು ಕೈ ತೊಳೆಯುವಷ್ಟರಲ್ಲಿ ಉದ್ದನೆಯದೊಂದು ಡಿಕ್ಕಿಯ ಗುರುತು ತೋರಿಸಿತು. ಈಚೆಗಂತೂ ಒಂದು, ದಿನದ ಬಹುಭಾಗ ಬಿಟ್ಟು ಬಿಟ್ಟು ಹೊಳೆದು ಎಲ್ಲರ ತಲೆ ಕೆಡಿಸಿತು. ಅದರ ಮೂಲ ಏನು? ಹತ್ತು ಜನಕ್ಕೆ ಹನ್ನೊಂದು ಅಭಿಪ್ರಾಯ. ನನಗೆ ಈ ಕೆಲಸ ಇಷ್ಟವಾಗುವುದೇ ಅದಕ್ಕೆ. ಗೊತ್ತಿಲ್ಲ ಅನ್ನುವುದನ್ನು ಇಷ್ಟು ಗತ್ತಿನಿಂದ ಹೇಳಲು ಬೇರೆಲ್ಲಿ ಬಿಡುತ್ತಾರೆ?

ಆದರೆ ಈ ಗತ್ತು ಆಕಾಶದ ಸ್ಫೋಟಗಳಿಗೆ ಮಾತ್ರ. ಅವುಗಳ ಕಿರಣ ನೆಲ ಮುಟ್ಟುವುದಿಲ್ಲ, ನಡುವೆ ಗಾಳಿ ಹೀರಿಬಿಡುತ್ತದೆ. ಅದಕ್ಕೇ ಪೆಟ್ಟಿಗೆಯನ್ನು ಬಲೂನಿಗೆ ಕಟ್ಟಿ ಗಾಳಿ ತೆಳುವಾಗುವ ಎತ್ತರಕ್ಕೆ ಕಳಿಸಬೇಕು. ನೆಲದ ಮೇಲೆ ಕೂತ ಪೆಟ್ಟಿಗೆ ಗುಡ್ಡ ತೋರಿಸುತ್ತದೆ ಎಂದರೆ ಒಂದೋ ಅದು ಕೆಟ್ಟಿದೆ, ಇಲ್ಲವೇ ಹತ್ತಿರದಲ್ಲೇ ಏನೋ ಇದೆ. ಕಿರಣದ ಶಕ್ತಿ ಮತ್ತು ದಿಕ್ಕು ಹೇಳಬೇಕಾದ ಎಲೆಕ್ಟ್ರಾನಿಕ್ ಬೋರ್ಡು ರಿಪೇರಿಗೆ ಹೋಗಿತ್ತು. ಉಳಿದದ್ದು ಬರೀ ಎಣಿಕೆ, ಕುರುಡ ಕಾಸು ಎಣಿಸಿದಂತೆ.

ಹೈದರಾಬಾದಿನ ಕುಷಾಯಿಗೂಡ ಕಡೆಯ ನಮ್ಮ ಪ್ರಯೋಗಾಲಯದಲ್ಲಿ ಬಲೂನಿನ ಜಾಗ ಹಂಚುವವರು ಅರವಿಂದ್ ಸರ್. ಮೈಸೂರಿನವರು, ಮಾತು ಬೆಣ್ಣೆ, ನಿಯಮ ಕಲ್ಲು.

"ನೋಡಮ್ಮ ಶಿವಗಂಗಾ, ಆಕಾಶದ ಸ್ಫೋಟದ ಮೂಲ ಹೇಳು ಅಂತ ನಾನು ಕೇಳ್ತಿಲ್ಲ. ಅದು ಯಾರಿಗೂ ಗೊತ್ತಿಲ್ಲ. ಈ ಊಟದ ಹೊತ್ತಿನ ಸ್ಫೋಟದ ಮೂಲ ಹೇಳು ಸಾಕು. ಹೇಳದಿದ್ರೆ ಈ ಸಲ ಪೆಟ್ಟಿಗೆ ಮೇಲೆ ಹೋಗಲ್ಲ," ಎಂದರು.

ಈ ಸಲ ತಪ್ಪಿದರೆ ಇನ್ನೊಂದು ವರ್ಷ. ನನ್ನ ಫೆಲೋಶಿಪ್ ಅಲ್ಲಿಯವರೆಗೆ ಇರುವುದಿಲ್ಲ. ಕಟ್ಟಿದ ಪೆಟ್ಟಿಗೆ ಒಮ್ಮೆಯೂ ಆಕಾಶ ನೋಡದೆ ಕಪಾಟು ಸೇರುತ್ತದೆ ಎಂದು ನೆನೆದರೆ ರಾತ್ರಿ ಎದ್ದು ಕೂರುತ್ತಿದ್ದೆ.

ನಾನೂ ನನ್ನ ಜೊತೆಗಾರ ಸೂರಜನೂ ಮಾಡದ ಸರ್ಕಸ್ಸಿಲ್ಲ. ಎ.ಸಿ. ನಿಲ್ಲಿಸಿದೆವು. ಫ್ರಿಜ್ಜನ್ನು ವರಾಂಡಕ್ಕೆ ಎಳೆದೆವು. ಹಿಂದಿನ ಶೆಡ್ಡಿನ ವೆಲ್ಡಿಂಗ್‌ನವರಿಗೆ ಕೈಮುಗಿದೆವು. ಗುಡ್ಡ ಮಾತ್ರ ಊಟದ ಹೊತ್ತಿಗೆ ಸರಿಯಾಗಿ ಏಳುತ್ತಿತ್ತು. ಕೊನೆಗೆ ಅಮಾವಾಸ್ಯೆಯ ದಿನ ಹಳೇ ಹೈದರಾಬಾದಿನ ಹುಡುಗ ಸೂರಜ್ ಒಂದು ನಿಂಬೆಹಣ್ಣು, ನಾಲ್ಕು ಮೆಣಸಿನಕಾಯಿ ತಂದು ಪೆಟ್ಟಿಗೆಗೆ ಕಟ್ಟಿದ. ಅವತ್ತು ಗುಡ್ಡ ಏಳಲಿಲ್ಲ!

"ದೇಖಾ? ನಜರ್ ಲಗೀ ಥೀ," ಎಂದು ಎದೆಯುಬ್ಬಿಸಿದ. ಪೆಟ್ಟಿಗೆಗೆ ದೃಷ್ಟಿ ತಾಗಿತ್ತಂತೆ.

ಎರಡನೆಯ ದಿನ ನಿಂಬೆಹಣ್ಣು ಅಲ್ಲೇ ಇತ್ತು, ಗುಡ್ಡವೂ ಎದ್ದಿತು. ನಾನು ಆ ನಿಂಬೆಹಣ್ಣನ್ನು ಹಿಂಡಿ ಶರಬತ್ತು ಮಾಡಿ ಅವನಿಗೇ ಕುಡಿಸಿದೆ.

ಈ ಎಲ್ಲ ರಗಳೆಯ ನಡುವೆ ನನಗಿದ್ದ ಒಂದೇ ನೆಮ್ಮದಿ ದೊಡ್ಡವ್ವ ತರುತ್ತಿದ್ದ ಊಟದ ಡಬ್ಬಿ.

ಸುಂದರಾಬಾಯಿ ನಮ್ಮವ್ವನ ಅಕ್ಕ. ನಮ್ಮೆರಡೂ ಮನೆಯವರು ರಾಯಚೂರು ಜಿಲ್ಲೆಯಿಂದ ಬಂದು ಹೈದರಾಬಾದಿನವರಾದೆವು. ಅವರದು ಸನತ್‌ನಗರ, ನಮ್ಮದು ಮಲ್ಕಾಜ್‌ಗಿರಿ. ದೊಡ್ಡವ್ವನ ಒಬ್ಬಳೇ ಮಗಳು ಅನ್ವಿತಾ ಮದುವೆಯಾಗಿ ಎಷ್ಟೋ ವರ್ಷಕ್ಕೆ ಬಸುರಾಗಿ, ಸಿಂಧನೂರಿನ ಅತ್ತೆಮನೆಯಿಂದ ತವರಿಗೆ ಬಂದಿದ್ದಳು. ಒಂಬತ್ತನೇ ತಿಂಗಳಲ್ಲಿ ಕುಬಸ, ಅಂದರೆ ಸೀಮಂತ, ಆಮೇಲೆ ಬಾಣಂತನ. ಇಂಥ ಹೊತ್ತಿನಲ್ಲಿ ಮಗಳ ತಲೆಗೆ ಎಣ್ಣೆ ಹಚ್ಚುತ್ತ ಕೂರಬೇಕಾದ ತಾಯಿ ಏನು ಮಾಡಿದಳು? ಮಗಳು ಬರುವ ಹಿಂದಿನ ದಿನವೇ ಗಂಟು ಕಟ್ಟಿಕೊಂಡು ನಮ್ಮ ಮನೆಗೆ ಬಂದು, ಮಾಳಿಗೆಯ ಕೋಣೆ ಸೇರಿಕೊಂಡಳು. ಮಗಳ ಹೆರಿಗೆ ಸುಸೂತ್ರ ಆಗಲೆಂದು ಹುಲಿಗೆಮ್ಮನಿಗೆ ಹರಕೆ ಹೊತ್ತಿದ್ದಾಳಂತೆ. ತಿಂಗಳ ಮೇಲೆ ಮಡಿ. ಯಾರನ್ನೂ ಮುಟ್ಟುವಂತಿಲ್ಲ, ಬಸುರಿಯರ ಹತ್ತಿರವಂತೂ ಹೋಗುವಂತೆಯೇ ಇಲ್ಲ.

ದೊಡ್ಡವ್ವನ ಹರಕೆಗಳಿಗೆ ಲೆಕ್ಕವಿಲ್ಲವಾದ್ದರಿಂದ ಯಾರೂ ಸಂಶಯಪಡಲಿಲ್ಲ. ಅವ್ವ ಮಾತ್ರ ಗೊಣಗುತ್ತಿದ್ದಳು.

"ಇದೇನು ತಲಿಕೆಳಗ ಮಡಿನೋ! ಮಡಿಯಾಗ ಇದ್ದವರು ತಾವಽ ಅಡಿಗಿ ಮಾಡಿಕೊಂಡು ಉಣ್ಣತಾರ. ಈಕಿ ನೋಡಿದ್ರ ಒಲಿ ಹತ್ರ ಬರಂಗಿಲ್ಲ. ನಾ ಮಾಡಿದ್ದು ತನ್ನ ತಾಟಿನ್ಯಾಗ ಹಾಕಿಸಿಕೊಂಡು ಮ್ಯಾಲ ಹೋಗತಾಳ. ಹುಲಿಗೆಮ್ಮ ಯಾವಾಗ ಕಾನೂನು ಬದಲಿ ಮಾಡಿದಳೋ ಏನೋ."

ಅನ್ವಿತಾ ಮಾತ್ರ ನನಗೆ ಫೋನ್ ಮಾಡಿ ಅಳುತ್ತಿದ್ದಳು. "ನಮ್ಮವ್ವ ನನ್ನ ಹೊಟ್ಟಿ ಒಂದ್ಸಲನೂ ಮುಟ್ಟಿ ನೋಡಿಲ್ಲ ಶಿವಗಂಗಾ. ನನ್ಕಿಂತ ಆ ಹರಕಿ ದೊಡ್ಡದಾತೇನು?" ಎನ್ನುವಳು. ನನಗೂ ದೊಡ್ಡವ್ವನ ಮೇಲೆ ಒಳಗೊಳಗೇ ಸಿಟ್ಟಿತ್ತು.

ಮಾಳಿಗೆಯಲ್ಲಿ ಒಬ್ಬಳೇ ಕೂತು ಬೇಜಾರಾಗಿ ದೊಡ್ಡವ್ವ ನನ್ನ ಊಟ ತರುವ ಕೆಲಸ ಹಚ್ಚಿಕೊಂಡಳು. ಮಡಿಯಲ್ಲಿ ಬಸ್ಸು ಹತ್ತುವುದಿಲ್ಲ, ಒಬ್ಬಳೇ ಆಟೊದಲ್ಲಿ ಬರುವಳು. ಅವ್ವ ಕಟ್ಟಿಕೊಟ್ಟ ರೊಟ್ಟಿ, ಪುಂಡಿಪಲ್ಯದ ಡಬ್ಬಿಯನ್ನು ನಮ್ಮ ವರಾಂಡದ ಮೆಟ್ಟಿಲ ಮೇಲಿಟ್ಟು, ದೂರ ಹೋಗಿ, ಅಂಗಳದ ಬೇವಿನ ಮರದ ಕೆಳಗೆ ಕೂತು ತನ್ನ ಡಬ್ಬಿ ಬಿಚ್ಚುವಳು. ನಾನು ಮೆಟ್ಟಿಲ ಮೇಲೆ, ಅವಳು ಮರದ ಕೆಳಗೆ. ನಡುವಿನ ಅಂಗಳದ ತುಂಬ ನಮ್ಮ ಹರಟೆ ಕೂಗಾಟ. ಉಂಡು, ಬಾಯಿ ಮುಕ್ಕಳಿಸಿ, ಅದೇ ಆಟೊದಲ್ಲಿ ಹೊರಟುಬಿಡುವಳು. ಅಮಾವಾಸ್ಯೆಯ ದಿನ ಮಾತ್ರ ಬಂದಿರಲಿಲ್ಲ.

ಓದುಗರಿಗೆ ಈಗಾಗಲೇ ಹೊಳೆದಿರಬಹುದು. ನನಗೆ ಹೊಳೆಯಲಿಲ್ಲ. ಸಾವಿರ ಕೋಟಿ ವರ್ಷದ ಹಿಂದಿನ ಸಾವನ್ನು ಹುಡುಕುವವರಿಗೆ ಎದುರಿಗೆ ಕೂತು ರೊಟ್ಟಿ ಮುರಿಯುವವರು ಕಾಣುವುದಿಲ್ಲ.

ಬಲೂನಿನ ಜಾಗ ಹಂಚುವ ಸಭೆಗೆ ಒಂದು ದಿನ ಮೊದಲು ಬೋರ್ಡು ರಿಪೇರಿಯಾಗಿ ಬಂತು. ಜೋಡಿಸಿ, ಊಟದ ಹೊತ್ತಿಗಾಗಿ ಕಾದು ಕೂತೆವು. ಗೆರೆ ಎದ್ದಿತು. ಈ ಸಲ ಶಕ್ತಿಯ ಲೆಕ್ಕವೂ ಪರದೆಗೆ ಬಂತು. ಕೆಟ್ಟ ಯಂತ್ರದ ಗದ್ದಲ ಎಲ್ಲ ಕಡೆ ಚೆಲ್ಲಾಡಿರುತ್ತದೆ. ಇದು ಹಾಗಿರಲಿಲ್ಲ. ಒಂದೇ ಒಂದು ಚೂಪು ಶಿಖರ, ಯಾವ ವಿದ್ಯಾರ್ಥಿಯಾದರೂ ಗುರುತಿಸುವ ಜಾಗದಲ್ಲಿ.

"ಅರೆ, ಅಯೋಡಿನ್ ಹೈ ಯಾರ್!" ಎಂದ ಸೂರಜ್. "ದವಾಖಾನೆ ವಾಲಾ. ಥೈರಾಯ್ಡ್‌ಗೆ ಕೊಡ್ತಾರಲ್ಲ, ಅದು."

ದಿಕ್ಕಿನ ಚುಕ್ಕಿ ಕಿಟಕಿಯ ಕಡೆ ಇತ್ತು. ಕಿಟಕಿಯಾಚೆ ಬೇವಿನ ಮರ. ಮರದ ಕೆಳಗೆ, ಸೆರಗನ್ನು ಕೊರಳ ಸುತ್ತ ಬಿಗಿಯಾಗಿ ಹೊದ್ದು, ದೊಡ್ಡವ್ವ ಶೇಂಗಾ ಚಟ್ನಿ ಕಲಸುತ್ತಿದ್ದಳು.

ಬೇರೆ ತಾಟು. ಬೇರೆ ಲೋಟ. ಒಲೆಯ ಹತ್ತಿರ ಬರದ ಮಡಿ. ಬಸುರಿ ಮಗಳಿಂದ ದೂರ. ಎಲ್ಲ ಒಮ್ಮೆಲೇ ತಲೆಯೊಳಗೆ ಬಂದು ಕೂತವು. ನಾನು ಚಪ್ಪಲಿಯನ್ನೂ ಮೆಟ್ಟದೆ ಅಂಗಳಕ್ಕೆ ಓಡಿದೆ.

"ಅಲ್ಲೇ ನಿಂದರು!" ಎಂದು ದೊಡ್ಡವ್ವ ಕೈ ಚಾಚಿದಳು. "ಮಡಿ ಐತಿ."

"ಮಡಿಯಂತ ಮಡಿ! ದೊಡ್ಡವ್ವಾ, ಗಂಟಲಿಗೆ ದವಾಖಾನಿಯಾಗ ಗುಳಿಗಿ ನುಂಗೀದಿ ಹೌದಿಲ್ಲೋ?"

ಅವಳ ಕೈಯಲ್ಲಿದ್ದ ರೊಟ್ಟಿ ಕೈಯಲ್ಲೇ ಉಳಿಯಿತು. "ಯಾರು ಹೇಳಿದ್ರು? ನಿಮ್ಮ ದೊಡ್ಡಪ್ಪನ ಬಾಯಿಗೆ ಚಿಲಕಽ ಇಲ್ಲ ನೋಡು."

"ದೊಡ್ಡಪ್ಪ ಅಲ್ಲ. ನನ್ನ ಪೆಟ್ಟಿಗಿ ಹೇಳ್ತು."

"ನನ್ನ ಹೊಟ್ಟ್ಯಾಗ ಹೋದ ಗುಳಿಗಿ ನಿನ್ನ ಪೆಟ್ಟಿಗಿಗೆ ಹೆಂಗ ಗೊತ್ತಾತು?" ಎಂದು ಬೆರಗಾದಳು. ಆಮೇಲೆ ದನಿ ಇಳಿಸಿ ಎಲ್ಲ ಹೇಳಿದಳು. ಎದೆ ಓಡುತ್ತಿತ್ತಂತೆ, ಕೈ ನಡುಗುತ್ತಿತ್ತಂತೆ. ಥೈರಾಯ್ಡ್ ಜೋರಾಗಿದೆ, ಒಂದು ಗುಳಿಗೆಯಲ್ಲಿ ಹತೋಟಿಗೆ ಬರುತ್ತದೆ ಎಂದರಂತೆ ಡಾಕ್ಟರು. ಆದರೆ ಕೆಲವು ವಾರ ನಿಮ್ಮ ಮೈಯಿಂದ ಕಿರಣ ಬರುತ್ತದೆ, ಬಸುರಿಯರಿಂದ, ಮಕ್ಕಳಿಂದ ದೂರ ಇರಿ, ತಾಟು ಲೋಟ ಬೇರೆ ಇಟ್ಟುಕೊಳ್ಳಿ, ಅಡಿಗೆ ಮಾಡಬೇಡಿ ಎಂದೂ ಹೇಳಿದರಂತೆ.

"ಇದು ಮಡಿನಽ ಅಲ್ಲೇನ್ರಿ ಡಾಕ್ಟರ್ ಅಂದೆ. ಹಂಗಽ ತಿಳ್ಕೋರಿ ಅಂದ್ರು. ನಾ ಹಂಗಽ ತಿಳ್ಕೊಂಡೆ."

"ಅನ್ವಿತಾಗ ಹೇಳಿದ್ರ ಏನಾಗತಿತ್ತು? ಅಕಿ ಎಷ್ಟು ಅಳಾಕತ್ತಾಳ ಗೊತ್ತೇನು?"

"ಗೊತ್ತು. ಅಕಿ ಅಳತಾಳ, ಆದ್ರ ತವರಾಗ ಕುಂತು ಅಳತಾಳ. ಕಿರಣ ಗಿರಣ ಅಂತ ಬೀಗರ ಕಿವಿಗೆ ಬಿತ್ತಂದ್ರ ಅವತ್ತಽ ಗಾಡಿ ತಂದು ಸಿಂಧನೂರಿಗೆ ಕರಕೊಂಡು ಹೋಗತಾರ. ಇಷ್ಟು ವರ್ಷ ಕಾದೀನಿ ತಂಗಿ. ನನ್ನ ಕೈಯಾರ ಹಸರು ಬಳಿ ಇಡಸಬೇಕು ಅನ್ನೋದು ಒಂದಽ ಆಸೆ. ಕುಬಸ ಆಗೋತನಕ ಯಾರಿಗೂ ಹೇಳಬ್ಯಾಡ, ನನ್ನಾಣಿ."

ನನಗೆ ನಗುವೂ ಬಂತು, ಅಳುವೂ ಬಂತು. ಮಗಳ ಕೂಸಿಗೆ ಕಿರಣ ತಾಗಬಾರದೆಂದು ಮನೆ ಬಿಟ್ಟವಳು, ಹೈದರಾಬಾದಿನಲ್ಲಿ ಅಷ್ಟು ಜಾಗ ಬಿಟ್ಟು, ಕಿರಣ ಕಂಡರೆ ಬೊಬ್ಬೆ ಹೊಡೆಯುವ ನನ್ನ ಪೆಟ್ಟಿಗೆಯ ಎದುರಿಗೇ ಬಂದು ದಿನಾ ಕೂತಿದ್ದಳು. ಸಿಟ್ಟನ್ನು ಯಾರ ಮೇಲೆ ತೀರಿಸಿಕೊಳ್ಳುವುದೋ ತಿಳಿಯದೆ ಬೇವಿನ ಮರಕ್ಕೊಂದು ಗುದ್ದಿದೆ. ಕೈ ನೊಂದಿತು.

"ನಾಳೆ ಸಭೆ ಐತಿ ದೊಡ್ಡವ್ವಾ. ಗುಡ್ಡ ಎಲ್ಲಿಂದ ಬಂತಂತ ಹೇಳದಿದ್ರ ನನ್ನ ಪೆಟ್ಟಿಗಿ ಕೆಳಗಽ ಉಳಿತೈತಿ. ನೀ ನೋಡಿದ್ರ ಆಣಿ ಇಡಸಾಕತ್ತಿ."

ದೊಡ್ಡವ್ವ ಕೈ ತೊಳೆದುಕೊಂಡಳು. ಡಬ್ಬಿ ಮುಚ್ಚಿಕೊಂಡು ಎದ್ದಳು. ಅರ್ಧ ರೊಟ್ಟಿ ಉಳಿದಿತ್ತು.

ಮರುದಿನ ಸಭೆಗೆ ಮೊದಲು ಅರವಿಂದ್ ಸರ್ ನಮ್ಮ ಕೋಣೆಗೇ ಬಂದು ಪರದೆಯ ಮುಂದೆ ಕೂತರು.

"ಕಾರಣ ಗೊತ್ತಾಯ್ತೇನಮ್ಮ?"

"ಗೊತ್ತಾಯಿತು ಸರ್. ಯಂತ್ರ ಸರಿಯಾಗಿದೆ. ವೈದ್ಯಕೀಯ ಅಯೋಡಿನ್."

"ಎಲ್ಲಿತ್ತು? ಯಾರ ಹತ್ತಿರ?"

"ಅದನ್ನು ಹೇಳುವ ಹಾಗಿಲ್ಲ ಸರ್."

ಅವರು ಕನ್ನಡಕ ತೆಗೆದು ಒರೆಸಿದರು. "ಗೊತ್ತಿಲ್ಲ ಅನ್ನೋ ಉತ್ತರ ಬೇಕಾದಷ್ಟು ಕೇಳಿದ್ದೀನಿ. ಹೇಳೋ ಹಾಗಿಲ್ಲ ಅನ್ನೋದು ಇವತ್ತೇ ಮೊದಲು. ಎಷ್ಟು ದೂರದಲ್ಲಿತ್ತು, ಯಾವ ಕಡೆ ಇತ್ತು ಅಂತ ನಾನು ತಾಳೆ ನೋಡೋದು ಬೇಡ್ವಾ? ಇಲ್ಲದಿದ್ರೆ ಪೆಟ್ಟಿಗೆ ಸರಿ ಇದೆ ಅನ್ನೋದು ನಿನ್ನ ಬಾಯಿಮಾತು ಅಷ್ಟೆ."

ಅವರ ಮಾತು ನ್ಯಾಯವಾಗಿತ್ತು. ಅದಕ್ಕೇ ನನಗೆ ಇನ್ನಷ್ಟು ಸಂಕಟವಾಯಿತು. ನಾಲಿಗೆಯ ತುದಿಯವರೆಗೆ ಬಂದ ಹೆಸರನ್ನು ನುಂಗಿಕೊಂಡೆ. ಹೋಗಲಿ ಬಿಡು, ಪೆಟ್ಟಿಗೆ ಹೋದರೆ ಹೋಯಿತು, ದೊಡ್ಡವ್ವನ ಆಣೆ ಮುರಿಯುವುದಿಲ್ಲ ಎಂದು ಗಟ್ಟಿ ಮಾಡಿಕೊಳ್ಳುವಷ್ಟರಲ್ಲಿ ಪರದೆಯ ಗೆರೆ ಎದ್ದಿತು. ಊಟದ ಹೊತ್ತು ಇನ್ನೂ ಆಗಿರಲಿಲ್ಲ.

ಸೂರಜನೂ ಸೇರಿ ಮೂವರೂ ಕಿಟಕಿಯ ಕಡೆ ತಿರುಗಿದೆವು. ಡಬ್ಬಿಯಿಲ್ಲದ ಬರಿಗೈಯಲ್ಲಿ, ಒಗೆದ ಇಳಕಲ್ ಸೀರೆಯುಟ್ಟು, ದೊಡ್ಡವ್ವ ಬೇವಿನ ಮರದ ಕೆಳಗೆ ನೆಟ್ಟಗೆ ನಿಂತಿದ್ದಳು.

"ಸಾಹೇಬ್ರಽ, ನನ್ನ ಮಗಳ ಮ್ಯಾಲ ಸಿಟ್ಟು ಮಾಡಬ್ಯಾಡ್ರಿ," ಎಂದು ಅಲ್ಲಿಂದಲೇ ಕೂಗಿದಳು. "ಆ ಗುಡ್ಡ ನಂದು."

ಅರವಿಂದ್ ಸರ್ ವರಾಂಡಕ್ಕೆ ಬಂದರು. ಮೆಟ್ಟಿಲಿಳಿಯಲು ಹೋದವರನ್ನು ಅವಳು ತಡೆದಳು. "ಅಲ್ಲೇ ನಿಂದರ್ರಿ. ನನಗ ಮಡಿ ಐತ್ರಿ." ಅಂಗಳದಾಚೆಯಿಂದಲೇ ಗುಳಿಗೆಯ ಕಥೆ, ಬೀಗರ ಕಥೆ, ಹುಲಿಗೆಮ್ಮನ ಕಥೆ ಎಲ್ಲ ಹೇಳಿ ಮುಗಿಸಿದಳು. ಸರ್ ಮೊದಲು ಗಂಭೀರವಾಗಿ ಕೇಳಿದರು. ಮಡಿಯ ವಿಷಯ ಬಂದಾಗ ಅವರ ಭುಜ ಕುಲುಕತೊಡಗಿತು.

"ಅಮ್ಮಾ, ನಿಮಗೆ ತೊಂದರೆ ಇಲ್ಲದಿದ್ರೆ ಸ್ವಲ್ಪ ಓಡಾಡ್ತೀರಾ? ಎಲ್ಲಿ ಬೇಕಾದ್ರೂ ಹೋಗಿ, ನಮಗೆ ಹೇಳಬೇಡಿ," ಎಂದರು. ಸೂರಜನನ್ನು ಕಿಟಕಿಗೆ ಬೆನ್ನು ಮಾಡಿ ಪರದೆಯ ಮುಂದೆ ಕೂರಿಸಿದರು.

ದೊಡ್ಡವ್ವ ಸೊಂಟಕ್ಕೆ ಸೆರಗು ಸಿಕ್ಕಿಸಿ ಹೊರಟಳು. ಪರದೆಯ ಚುಕ್ಕಿ ಅವಳ ಬೆನ್ನು ಹತ್ತಿತು.

"ನೀರಿನ ಟ್ಯಾಂಕ್!" ಎಂದು ಸೂರಜ್ ಕೂಗಿದ. ದೊಡ್ಡವ್ವ ಟ್ಯಾಂಕಿನ ಹತ್ತಿರವೇ ಇದ್ದಳು. "ಈಗ ಸೈಕಲ್ ಸ್ಟ್ಯಾಂಡ್. ಈಗ ಗೇಟ್. ಅರೆ, ಆಂಟಿ ಕಿಧರ್ ಜಾ ರೈ? ಗೇಟ್ ದಾಟಿದ್ರು! ನಿಂತುಬಿಟ್ರು!"

ನೋಡಿದರೆ ಗೇಟಿನಾಚೆ ಪೇರಲಹಣ್ಣಿನ ಗಾಡಿಯವನ ಜೊತೆ ತೆಲುಗಿನಲ್ಲಿ ಚೌಕಾಶಿ ನಡೆದಿತ್ತು. ಅವನಿಂದಲೂ ಮಾರು ದೂರ ನಿಂತೇ ಜಗಳ ಆಡುತ್ತಿದ್ದಳು.

ಅರವಿಂದ್ ಸರ್ ನಗುತ್ತ ನಗುತ್ತ ಕಣ್ಣು ಒರೆಸಿಕೊಂಡರು. "ಇಷ್ಟು ದಿನ ಕಿರಣ ಸೂಸೋ ಪುಟ್ಟ ಮೂಲವನ್ನ ಹತ್ತಿರ ಹಿಡಿದು ಪರೀಕ್ಷೆ ಮಾಡ್ತಿದ್ವಿ. ಇಷ್ಟು ದೂರದಲ್ಲಿ, ನಡೆದಾಡುತ್ತ, ಹಣ್ಣು ಕೊಳ್ಳುವ ಮೂಲ ನಮಗೆಲ್ಲಿ ಸಿಗಬೇಕಿತ್ತು? ಪೆಟ್ಟಿಗೆ ಮೇಲೆ ಹೋಗುತ್ತೆ ಶಿವಗಂಗಾ. ವರದಿಯಲ್ಲಿ ವೈದ್ಯಕೀಯ ಮೂಲ ಅಂತ ಬರಿ. ಹೆಸರು ಬೇಡ. ಬೀಗರು ಓದಿಬಿಟ್ಟಾರು."

ನಾನು ಅಂಗಳದಲ್ಲೇ ಕುಣಿದೆ. ಓಡಿಹೋಗಿ ದೊಡ್ಡವ್ವನನ್ನು ತಬ್ಬಿಕೊಳ್ಳಬೇಕೆನಿಸಿತು. ಅವಳು ಪೇರಲಹಣ್ಣಿನ ಚೀಲವನ್ನು ಅಡ್ಡ ಹಿಡಿದು ಹಿಂದೆ ಸರಿದಳು. "ಸನೇಕ ಬರಬ್ಯಾಡ!"

ಒಂದು ಮುಂಜಾನೆ ನಮ್ಮ ಬಲೂನು ಏರಿತು. ಪೆಟ್ಟಿಗೆ ಅಷ್ಟೆತ್ತರದಲ್ಲಿ ಕೆಲವು ತಾಸು ಆಕಾಶ ನೋಡಿ, ಪ್ಯಾರಾಶೂಟಿನಲ್ಲಿ ಇಳಿದು, ಯಾರದೋ ಮೆಕ್ಕೆಜೋಳದ ಹೊಲದಲ್ಲಿ ಕೂತಿತ್ತು. ಇಳಿಯುವ ಮೊದಲು ಒಂದು ಸ್ಫೋಟವನ್ನು ಹಿಡಿದಿತ್ತು. ನಿಜವಾದದ್ದು, ಆಕಾಶದ್ದು. ಉದ್ದನೆಯ ಜಾತಿಯದು, ಆದರೆ ಗಿಡ್ಡ ಜಾತಿಯ ಹಾಗೆ ಶುರುವಾಗಿತ್ತು. ಎಲ್ಲಿಂದ ಬಂತು, ಏನು ಸತ್ತಿತು, ಗೊತ್ತಿಲ್ಲ. ಇವತ್ತಿಗೂ ಅದರ ಮುಂದೆ ಕೂತೇ ಇದ್ದೇನೆ.

ಡಾಕ್ಟರು ಹೇಳಿದ ಗಡುವು ಮುಗಿದು, ಅದರ ಮೇಲೆ ಇನ್ನೊಂದು ತಿಂಗಳಾದರೂ ದೊಡ್ಡವ್ವ ಮಡಿ ಬಿಡಲಿಲ್ಲ. ನಾಳೆ ಕುಬಸ ಎನ್ನುವಾಗ ಪ್ರಯೋಗಾಲಯಕ್ಕೆ ಬಂದಳು.

"ಡಾಕ್ಟರು ಏನೂ ಆಗಂಗಿಲ್ಲ ಅಂದಾರ. ಖರೆ, ಅವರು ಅಂದಾಜ ಹೇಳತಾರ. ನಿನ್ನ ಪೆಟ್ಟಿಗಿ ಹಂಗಲ್ಲ, ಬೇವಿನ ಗಿಡದಿಂದಽ ಹಿಡದೈತಿ. ಅದು ಹೇಳಲಿ."

ಮೊದಲು ಮರದ ಕೆಳಗೆ ನಿಲ್ಲಿಸಿದೆ. ಆಮೇಲೆ ಮೆಟ್ಟಿಲು. ಆಮೇಲೆ ಕೋಣೆಯೊಳಗೆ, ಪೆಟ್ಟಿಗೆಯ ಎದುರಿಗೇ. ಅವಳು ದೇವರ ಮುಂದೆ ನಿಂತವಳಂತೆ ಕೈಮುಗಿದು ಕಣ್ಣು ಮುಚ್ಚಿದಳು. ಗೆರೆ ಅಲುಗಲಿಲ್ಲ. ನನ್ನ ಪೆಟ್ಟಿಗೆಗೆ ಏನೂ ಕಾಣಲಿಲ್ಲವೆಂದು ನಾನು ಖುಷಿಪಟ್ಟದ್ದು ಅದೊಂದೇ ಸಲ.

"ಏನೂ ಇಲ್ಲ ದೊಡ್ಡವ್ವಾ."

"ಖರೇನ?"

"ಖರೇನಽ."

ಮರುದಿನ ಸನತ್‌ನಗರದ ಮನೆಯ ತುಂಬ ಮಂದಿ. ಹಸಿರು ಸೀರೆ ಉಟ್ಟು ಅನ್ವಿತಾ ಮಣೆಯ ಮೇಲೆ ಮುಖ ಗಂಟಿಕ್ಕಿಕೊಂಡು ಕೂತಿದ್ದಳು. ಬೀಗರು ಗೋಡೆಯ ಪಕ್ಕ ಸಾಲಾಗಿ ಕೂತು ಎಲ್ಲವನ್ನೂ ಪರೀಕ್ಷಿಸುತ್ತಿದ್ದರು. ದೊಡ್ಡವ್ವ ಬಳೆಯ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತು, ಗುಂಪಿನಲ್ಲಿ ನನ್ನನ್ನು ಹುಡುಕಿ ನೋಡಿದಳು. ನಾನು ತಲೆಯಾಡಿಸಿದೆ.

ಅವಳು ಹೋಗಿ ಮಗಳ ಎದುರು ಕೂತು, ಒಂದೊಂದೇ ಬಳೆ ಏರಿಸಿದಳು. ಆಮೇಲೆ ತಟ್ಟೆಯನ್ನು ಬದಿಗಿಟ್ಟು, ಎರಡೂ ಅಂಗೈಯನ್ನು ಮಗಳ ಹೊಟ್ಟೆಯ ಮೇಲೆ ಇಟ್ಟಳು. ಒಳಗಿನಿಂದ ಒದೆ ಬಿದ್ದಿರಬೇಕು, "ಯವ್ವಾ!" ಎಂದು ಬೆಚ್ಚಿ ಕೈ ತೆಗೆದು ಮತ್ತೆ ಇಟ್ಟಳು. ಅನ್ವಿತಾ ಸಿಟ್ಟು ಮರೆತು ಅವಳ ಹೆಗಲಿಗೆ ಒರಗಿ ಅಳುವುದಕ್ಕೆ ಶುರುಮಾಡಿದಳು. ಗಟ್ಟಿಗಿತ್ತಿ ಎಂದು ಹೆಸರಾದ ನಾನೂ ಅತ್ತುಬಿಟ್ಟೆ.

"ಹರಕಿ ಮುಗೀತೇನವ್ವಾ?" ಎಂದು ಅನ್ವಿತಾ ಕೇಳಿದಳು.

"ಮುಗೀತು. ಬೇಕಾದ್ರ ಶಿವಗಂಗಾನ್ನ ಕೇಳು."

ಊಟಕ್ಕೆ ಕೂತಾಗ ದೊಡ್ಡವ್ವ ನನ್ನ ಪಕ್ಕಕ್ಕೇ ಬಂದು, ಮೈಗೆ ಮೈ ತಾಗಿಸಿ ಕೂತಳು. ತನ್ನ ಕೈಯಿಂದ ಮಾಡಿದ ಹೋಳಿಗೆಯನ್ನು ನನ್ನ ಬಾಯಿಗಿಟ್ಟು ಮೆಲ್ಲಗೆ ಕೇಳಿದಳು.

"ನಿನ್ನ ಆಕಾಶದ ಗುಡ್ಡ ಯಾರದಂತ ತಿಳೀತೇನು?"

"ಇನ್ನೂ ಇಲ್ಲ ದೊಡ್ಡವ್ವಾ."

"ಬೈಯಬ್ಯಾಡ ಆ ಗುಡ್ಡದಾಕಿಗೆ," ಎಂದಳು. "ಯಾಕ ಮುಚ್ಚಿಟ್ಟಾಳೋ ಏನೋ. ಇನ್ನೊಂದು ಹೋಳಗಿ ಹಾಕಲೇನು?"